ಕೊನೆಯಲ್ಲಿ ‘ವಿ’ ನಿಂತ ಪದಗಳು

ಎಚ್-ಎ-ವಿ-ಇ, ಹ್ಯಾವ್. ಜಿ-ಐ-ವಿ-ಇ, ಗಿವ್. ಎಲ್-ಒ-ವಿ-ಇ, ಲವ್. ಇಂಗ್ಲಿಷ್ ಕಲಿಯಲು ಕೂತ ಕನ್ನಡದ ಮಕ್ಕಳೆಲ್ಲ ಈ ಪಾಠ ಒಪ್ಪಿಸಿದವರೇ. ಕೊನೆಯ ‘ಇ’ ಬಾಯಿಗೆ ಬರುವುದಿಲ್ಲ, ಕಿವಿಗೆ ಬೀಳುವುದಿಲ್ಲ. ಕೈ ಮಾತ್ರ ಅದನ್ನು ಬರೆಯಬೇಕು. ನುಡಿದಂತೆ ಬರೆಯುವ ಭಾಷೆಯಿಂದ ಬಂದ ಮಗು ಅದನ್ನು ಬಿಟ್ಟರೆ ಕೆಂಪು ಶಾಯಿಯ ಗೆರೆ. ಯಾಕೆ ಎಂದು ಕೇಳಿದರೆ ‘ಅದು ಹಾಗೇ’ ಎಂಬ ಉತ್ತರ. ಆದರೆ ಅದು ಸುಮ್ಮನೆ ಹಾಗಾದದ್ದಲ್ಲ. ಇಂಗ್ಲಿಷಿನ ಹಳೆಯ, ಮರ್ಯಾದಸ್ಥ ಪದಗಳು ‘ವಿ’ಯಲ್ಲಿ ಮುಗಿಯುವುದಿಲ್ಲ ಎಂಬುದರ ಹಿಂದೆ ಒಂದು ಕತೆಯಿದೆ. ಅದನ್ನು ಮೀರಿ ‘ವಿ’ಯಲ್ಲೇ ನಿಂತ ಪುಟ್ಟ ಪದಗಳ ಕತೆ ಇನ್ನೂ ದೊಡ್ಡದು.

ಒಂದು ಕಾಲಕ್ಕೆ ‘ಯು’ ಮತ್ತು ‘ವಿ’ ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ. ಒಂದೇ ಅಕ್ಷರಕ್ಕೆ ಎರಡು ರೂಪ. ಪದದ ಮೊದಲಲ್ಲಿ ಚೂಪು ತಳದ ‘ವಿ’, ಉಳಿದೆಡೆ ದುಂಡು ತಳದ ‘ಯು’. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಸಂಪುಟ ತೆರೆದರೆ ಅಲ್ಲಿ ಅಪಾನ್ ಎಂಬುದು ವಿ-ಪಿ-ಒ-ಎನ್, ಲವ್ ಎಂಬುದು ಎಲ್-ಒ-ಯು-ಇ. ಹೀಗಿರುವಾಗ ಹ್ಯಾವ್ ಎಂಬುದನ್ನು ‘ಇ’ ಇಲ್ಲದೆ ಬರೆದರೆ ಎಚ್-ಎ-ಯು ಆಗುತ್ತದೆ. ಓದುವವನು ಅದನ್ನು ‘ಹೌ’ ಎಂದುಕೊಂಡಾನು. ಹಿಂದೆ ಒಂದು ‘ಇ’ ಇದ್ದರೆ ಮಾತ್ರ ಆ ‘ಯು’ ಇಲ್ಲಿ ಸ್ವರವಲ್ಲ, ವ್ಯಂಜನ ಎಂದು ಗೊತ್ತಾಗುತ್ತದೆ. ಆ ‘ಇ’ ಮೊದಲು ಉಚ್ಚಾರದಲ್ಲೂ ಇತ್ತು. ಚಾಸರ್ ಕವಿಯ ಕಾಲದ ಜನ ಲವ್ ಎನ್ನಲು ಸುಮಾರಾಗಿ ‘ಲುವೆ’ ಎನ್ನುತ್ತಿದ್ದರು. ಆಮೇಲೆ ಬಾಯಿ ಅದನ್ನು ಬಿಟ್ಟಿತು, ಬರಹ ಬಿಡಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಮಹಾಕೋಶ ತಂದಾಗಲೂ ‘ಯು’ ಮತ್ತು ‘ವಿ’ಯಿಂದ ಆರಂಭವಾಗುವ ಪದಗಳನ್ನು ಒಂದೇ ಸಾಲಿನಲ್ಲಿ ಬೆರೆಸಿಟ್ಟಿದ್ದರು.

ಲವ್ ಎಂಬುದರಲ್ಲಿ ‘ಒ’ ಯಾಕೆ ಬಂತು ಎಂಬುದಕ್ಕೂ ಇದೇ ಮೂಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಲುಫು’. ಮುಂದೆ ಅದರ ‘ಎಫ್’ ಜಾಗಕ್ಕೆ ವ್ಯಂಜನದ ‘ಯು’ ಬಂದಾಗ, ‘ಯು’ ಪಕ್ಕ ಇನ್ನೊಂದು ‘ಯು’ ಬರೆದರೆ ಕೈಬರಹದಲ್ಲಿ ಬರೀ ಉದ್ದುದ್ದ ಕಡ್ಡಿಗಳ ಸಾಲು. ಎಲ್ಲಿ ಯಾವ ಅಕ್ಷರ ಮುಗಿಯಿತೆಂದು ತಿಳಿಯದು. ಅದಕ್ಕೇ ಲಿಪಿಕಾರರು ಒಂದನ್ನು ‘ಒ’ ಮಾಡಿದರು ಎಂಬುದು ಭಾಷಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಡವ್, ಅಬವ್ ಎರಡೂ ಈ ಸಾಲಿನವೇ.

‘ಲುಫು’ವಿನಲ್ಲಿ ‘ಎಫ್’ ಇದ್ದದ್ದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿಗೆ ‘ವ್’ ಸ್ವತಂತ್ರ ಧ್ವನಿಯೇ ಅಲ್ಲ. ಎರಡು ಸ್ವರಗಳ ನಡುವೆ ಬಂದ ‘ಫ್’ ಮೆತ್ತಗಾಗಿ ‘ವ್’ ಆಗುತ್ತಿತ್ತು, ಅಷ್ಟೆ. ನೈಫ್ ಬಹುವಚನದಲ್ಲಿ ನೈವ್ಸ್, ವೈಫ್ ವೈವ್ಸ್ ಆಗುವುದು ಆ ಕಾಲದ ಗುರುತು. ಈ ಎಲ್ಲದರ ನಡುವೆ ತುಂಬ ಬಳಕೆಯ ಒಂದು ಪುಟ್ಟ ಪದ ಮಾತ್ರ ‘ವ್’ ಎಂದು ನುಡಿಸಿಕೊಂಡೂ ‘ಎಫ್’ ಎಂದೇ ಬರೆಸಿಕೊಂಡು ಉಳಿದಿದೆ: ಒ-ಎಫ್, ಆವ್. ನಮ್ಮಲ್ಲಿ ಬಹುಮಂದಿ ಅದನ್ನು ‘ಆಫ್’ ಎಂದೇ ಹೇಳುತ್ತಾರೆ. ಒಂದು ಕಾಲಕ್ಕೆ ಎರಡು ‘ಎಫ್’ ಇರುವ ಆಫ್ ಕೂಡ ಇದೇ ಪದವಾಗಿತ್ತು. ಒತ್ತಿ ಹೇಳಿದ್ದು ಒಂದು, ಹಗುರಾಗಿ ಹೇಳಿದ್ದು ಇನ್ನೊಂದು ಆಯಿತು.

ಈಗ ‘ಇ’ ಇಲ್ಲದೆ ನಿಂತವುಗಳನ್ನು ನೋಡಿ. ರೆವ್: ಎಂಜಿನಿನ ಸುತ್ತುಗಳನ್ನು ಹೇಳುವ ರೆವಲ್ಯೂಷನ್ ಎಂಬುದರ ತುಂಡು, ಮೋಟಾರು ಗಾಡಿಗಳ ಜೊತೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದದ್ದು. ಡರ್ವ್: ಬ್ರಿಟನ್ನಿನ ಲಾರಿಗಳ ಡೀಸೆಲ್, ‘ಡೀಸೆಲ್ ಎಂಜಿನ್ಡ್ ರೋಡ್ ವೆಹಿಕಲ್’ ಎಂಬುದರ ಮೊದಲಕ್ಷರಗಳು. ಗವ್: ಲಂಡನ್ನಿನ ದುಡಿಯುವ ಜನ ಯಜಮಾನನನ್ನು, ಗಿರಾಕಿಯನ್ನು ಕರೆಯುವ ಪದ, ಗವರ್ನರ್‌ನ ಮೊಟಕು. ಜಿ-ಯು-ವಿ ಎಂದು ಕಿವಿಗೆ ಕೇಳಿದಂತೆಯೇ ಬರೆಯುತ್ತಾರೆ. ಎಲ್-ಯು-ವಿ ಎಂದು ಬರೆದ ಲವ್ ಕೂಡ ಹಾಗೆಯೇ. ಉತ್ತರ ಇಂಗ್ಲೆಂಡಿನ ಅಂಗಡಿಯಾಕೆ ಅಪರಿಚಿತ ಗಿರಾಕಿಯನ್ನೂ ಕರೆಯುವ ಅಕ್ಕರೆಯ ಪದ ಅದು. ನಮ್ಮಲ್ಲಿ ಮೊಬೈಲ್ ಸಂದೇಶಗಳ ಕಾಲದ ಹುಡುಗ ಹುಡುಗಿಯರು ಅದನ್ನೇ ಬರೆದರು.

ಸ್ಪಿವ್ ಎಂಬುದು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಸಕ್ಕರೆ, ಬೆಣ್ಣೆ, ಬಟ್ಟೆ ಎಲ್ಲಕ್ಕೂ ರೇಷನ್. ಅದಿಲ್ಲದೆ ಮಾಲು ಒದಗಿಸುವ, ಥಳಕಿನ ಉಡುಪಿನ ಕಾಳಸಂತೆಯ ಮನುಷ್ಯನೇ ಸ್ಪಿವ್. ರೇಷನ್ 1954ರಲ್ಲಿ ಪೂರ್ತಿ ಕೊನೆಯಾಯಿತು, ಪದ ಉಳಿಯಿತು.

ಗಮನಿಸಿ: ಇವೆಲ್ಲ ಗ್ಯಾರೇಜಿನ, ಬೀದಿಯ, ಅಂಗಡಿ ಕಟ್ಟೆಯ ಪದಗಳು. ಕೊನೆಯ ‘ಇ’ ಮನೆತನದ ಗುರುತಾದರೆ, ಅದಿಲ್ಲದ ‘ವಿ’ ತಡವಾಗಿ ಬಂದವರ, ಹೊರಗಿನವರ ಗುರುತು. ನನಗಂತೂ ಈ ಹೊರಗಿನವೇ ಹೆಚ್ಚು ಪ್ರಾಮಾಣಿಕ ಎನಿಸುತ್ತವೆ. ಕಿವಿಗೆ ಕೇಳಿದ್ದನ್ನಷ್ಟೇ ಬರೆದುಕೊಂಡಿವೆ. ಹ್ಯಾವ್‌ಗೆ ‘ಇ’ ಹಾಕದ ಮಗು ಮಾಡಿದ್ದೂ ಅಷ್ಟೇ. 1789ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್, ಗಿವ್ ಎಂಬುದನ್ನು ಜಿ-ಐ-ವಿ ಎಂದು ಬರೆಯೋಣ ಎಂದು ವಾದಿಸಿದ್ದರು. ಅವರು ಸೂಚಿಸಿದ ಹಲವು ಸುಧಾರಣೆಗಳು ಅಮೆರಿಕದಲ್ಲಿ ನೆಲೆಯಾದವು, ಇದು ಆಗಲಿಲ್ಲ.

‘ವಿ’ಯನ್ನು ಜೋಡಿಸಿ ಬರೆಯಲೂ ಇಂಗ್ಲಿಷ್ ಒಪ್ಪುವುದಿಲ್ಲ. ಡಿನ್ನರ್‌ಗೆ ಎರಡು ‘ಎನ್’, ಬಟರ್‌ಗೆ ಎರಡು ‘ಟಿ’, ಆದರೆ ನೆವರ್‌ಗೆ ಒಂದೇ ‘ವಿ’. ಎರಡು ಒತ್ತಿ ಕೂತರೆ ‘ಡಬ್ಲ್ಯು’ ಆಗಿಬಿಡುತ್ತದಲ್ಲ! ಜೋಡಿ ‘ವಿ’ ಇರುವವು ಮತ್ತೆ ಆ ತಡವಾಗಿ ಬಂದವೇ: ಕಾಲುವೆ ತೋಡುವ ಕೂಲಿ ನ್ಯಾವಿ, ಜಾಣತನ ಸೂಚಿಸುವ ಸ್ಯಾವಿ. ಕನ್ನಡಕ್ಕೆ ಈ ಮಡಿ ಇಲ್ಲ. ಬಸ್ ಎಂಬುದು ಬಸ್ಸು ಆದಂತೆ ಲವ್ ನಮ್ಮಲ್ಲಿ ಲವ್ವು. ‘ಅವರಿಬ್ಬರಿಗೂ ಲವ್ವಂತೆ’ ಎಂದಾಗ ಇಂಗ್ಲಿಷ್ ಎಂದೂ ಮಾಡದ ಒತ್ತನ್ನು ಕನ್ನಡ ಸಲೀಸಾಗಿ ಮಾಡಿರುತ್ತದೆ. ಪದದ ಕೊನೆಗೆ ನಾವೂ ಒಂದು ಸ್ವರ ಕೂಡಿಸುತ್ತೇವೆ, ಆದರೆ ನಮ್ಮದು ಕೇಳಿಸುತ್ತದೆ.

ಶಿವ್ ಮತ್ತು ಚಾವ್ ಎಂಬ ಎರಡು ಪದಗಳು ಮಾತ್ರ ನಮ್ಮ ಕಡೆಯಿಂದಲೇ ಹೊರಟವರ ನೆನಪು ಹೊತ್ತಿವೆ. ಶಿವ್ ಎಂದರೆ ಜೈಲಿನ ಕೈದಿಗಳು ಸಿಕ್ಕಿದ ಲೋಹದ ಚೂರನ್ನು ಮಸೆದು ಮಾಡಿಕೊಳ್ಳುವ ಚೂರಿ. ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ. ಅದು ರೋಮಾನಿ ಭಾಷೆಯ ‘ಚಿವ್’ ಎಂಬುದರಿಂದ ಬಂದದ್ದೆಂದು ನಿಘಂಟುಗಳು ಹೇಳುತ್ತವೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೊರಟು, ಹದಿನಾರನೇ ಶತಮಾನದ ಆರಂಭದ ಹೊತ್ತಿಗೆ ಬ್ರಿಟನ್ ಮುಟ್ಟಿದ ಅಲೆಮಾರಿ ಜನರ ಭಾಷೆ ರೋಮಾನಿ. ಗೆಳೆಯ ಎಂಬರ್ಥದ ಪಾಲ್ ಕೂಡ ಅವರದೇ. ಅದರ ಮೂಲದಲ್ಲಿರುವುದು ನಮ್ಮ ‘ಭ್ರಾತೃ’.

ಚಾವ್ ಕತೆ ನೋವಿನದು. 2004ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಅದನ್ನು ವರ್ಷದ ಪದವೆಂದು ಹೆಸರಿಸಿತು. ಬಡ ಬಡಾವಣೆಯ, ಓದಿಲ್ಲದ, ಅಗ್ಗದ ಶೋಕಿಯ ಹುಡುಗ ಹುಡುಗಿಯರನ್ನು ಹೀಗಳೆಯುವ ಪದವಾಗಿ ಅದು ಪತ್ರಿಕೆ, ಟೀವಿಗಳಲ್ಲಿ ಹರಿದಾಡಿತು. ಬಡತನವನ್ನೇ ಬೈಗುಳವಾಗಿಸುವ ಈ ಚಾಳಿಯನ್ನು ಓವೆನ್ ಜೋನ್ಸ್ 2011ರ ತಮ್ಮ ಪುಸ್ತಕದಲ್ಲಿ ನೇರವಾಗಿ ಖಂಡಿಸಿದರು; ಅದರ ಹೆಸರೇ ‘ಚಾವ್ಸ್’. ‘ಕೌನ್ಸಿಲ್ ಹೌಸ್ಡ್ ಅಂಡ್ ವಯಲೆಂಟ್’ ಎಂಬುದರ ಮೊದಲಕ್ಷರಗಳೇ ಚಾವ್ ಎಂದು ಕಟ್ಟಿದ ಕತೆ ಶುದ್ಧ ಸುಳ್ಳು. ಅದರ ಮೂಲ ಬಹುಮಟ್ಟಿಗೆ ರೋಮಾನಿಯ ‘ಚಾವೋ’, ಎಂದರೆ ಹುಡುಗ. ಮರಾಠಿಯಲ್ಲಿ ಸಿಂಹದ ಮರಿಗೆ ಹೇಳುವ ‘ಛಾವಾ’, ಪ್ರಾಕೃತದ ‘ಛಾವ’, ಮರಿ ಎಂಬರ್ಥದ ಸಂಸ್ಕೃತದ ‘ಶಾವಕ’ ಇದರ ಬಂಧುಗಳು. ಬ್ರಿಟನ್ನಿನ ರೋಮಾನಿ ಕುಟುಂಬಗಳಲ್ಲಿ ಈಗಲೂ ಮಕ್ಕಳನ್ನು ‘ಚಾವಿ’ ಎನ್ನುತ್ತಾರೆ, ಮಗು ಎಂಬ ಅರ್ಥದಲ್ಲೇ.