‘ಏಲಿಯನ್’ ಎಂಬ ಪದದ ಪಯಣ

ಅಮೆರಿಕದಲ್ಲಿ ನೆಲೆಸಲು ಬಂದ ನಮ್ಮಲ್ಲಿ ಬಹುಮಂದಿಗೆ ‘ಎ’ ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆ ಪರಿಚಿತ. ವಲಸೆ ಇಲಾಖೆಯ ಕಾಗದಪತ್ರಗಳಲ್ಲಿ ಅದರ ಪೂರ್ಣ ಹೆಸರು ‘ಏಲಿಯನ್ ರಿಜಿಸ್ಟ್ರೇಶನ್ ನಂಬರ್’. ನಮ್ಮ ಮಕ್ಕಳಿಗಾದರೋ ಏಲಿಯನ್ ಎಂದರೆ ಹಾರುವ ತಟ್ಟೆಯಿಂದ ಇಳಿಯುವ ಅನ್ಯಗ್ರಹದ ಜೀವಿ. ಈ ಅರ್ಥವನ್ನು ಬಳಕೆಗೆ ತಂದದ್ದು 20ನೆಯ ಶತಮಾನದ ವೈಜ್ಞಾನಿಕ ಕಥೆಗಳು. ಪದವು ಅದಕ್ಕಿಂತ ಬಹಳ ಹಳೆಯದು.

ಲ್ಯಾಟಿನ್ ಭಾಷೆಯಲ್ಲಿ ‘ಅಲಿಯುಸ್’ ಎಂದರೆ ಬೇರೊಂದು. ಅದರಿಂದ ಹುಟ್ಟಿದ ‘ಅಲಿಯೇನುಸ್’ ಎಂದರೆ ಇನ್ನೊಬ್ಬರಿಗೆ ಸೇರಿದ್ದು. ಇದು ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಬೇರೆ ಹೆಸರನ್ನು ಸೂಚಿಸುವ ‘ಏಲಿಯಾಸ್’, ಘಟನೆಯ ವೇಳೆ ಬೇರೆಡೆ ಇದ್ದೆನೆಂದು ಆರೋಪಿ ಹೂಡುವ ವಾದವಾದ ‘ಅಲಿಬಿ’, ಇವೆರಡೂ ಇದರ ಬಂಧುಗಳು. ಆಸ್ತಿ ಕಾನೂನಿನ ‘ಏಲಿಯನೇಶನ್’ ಎಂದರೆ ಸ್ವತ್ತನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ನಮ್ಮೂರಿನ ಜಮೀನಿನ ಪತ್ರಗಳಲ್ಲಿ ಬರುವ ‘ಪರಭಾರೆ’ ಅದೇ. 19ನೆಯ ಶತಮಾನದಲ್ಲಿ ಮನೋರೋಗದ ವೈದ್ಯರನ್ನು ‘ಏಲಿಯನಿಸ್ಟ್’ ಎಂದು ಕರೆಯುತ್ತಿದ್ದರು; ರೋಗಿಯು ತನಗೆ ತಾನೇ ಅನ್ಯನಾಗಿದ್ದಾನೆ ಎಂಬುದು ಅದರ ಹಿಂದಿನ ಭಾವ.

ಮೂಲದಲ್ಲಿ ಈ ಪದಕ್ಕೆ ನಿಂದೆಯ ಸೋಂಕಿಲ್ಲ. ಅದಕ್ಕೆ ಭಾರ ಬಂದದ್ದು ಕಾನೂನಿನಿಂದ. 1798ರಲ್ಲಿ ಅಮೆರಿಕದ ಸಂಸತ್ತು, ಅಪಾಯಕಾರಿಯೆಂದು ತೋರಿದ ಏಲಿಯನ್‌ಗಳನ್ನು ಗಡೀಪಾರು ಮಾಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು. 1913ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು, ಪೌರತ್ವಕ್ಕೆ ಅರ್ಹರಲ್ಲದ ಏಲಿಯನ್‌ಗಳು ಕೃಷಿಭೂಮಿಯ ಒಡೆಯರಾಗಬಾರದೆಂದು ವಿಧಿಸಿತು. ಆ ಕಾನೂನಿನ ಮುಖ್ಯ ಗುರಿ ಜಪಾನೀಯರು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದುದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಥಿಂಡ್ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು. ಈ ತೀರ್ಪಿನಿಂದ, ಕ್ಯಾಲಿಫೋರ್ನಿಯಾದಲ್ಲಿ ಬೆವರು ಸುರಿಸಿ ಬೇಸಾಯ ಮಾಡುತ್ತಿದ್ದ ಪಂಜಾಬಿನ ರೈತರಿಗೂ ಭೂಮಿಯ ಹಕ್ಕು ಇಲ್ಲವಾಯಿತು.

1940ರ ಕಾನೂನು 14 ವರ್ಷ ದಾಟಿದ ಏಲಿಯನ್‌ಗಳೆಲ್ಲರೂ ಹೆಸರು ನೋಂದಾಯಿಸಿ ಬೆರಳಚ್ಚು ನೀಡಬೇಕೆಂದಿತು. ಅಂಚೆ ಕಛೇರಿಗಳಲ್ಲಿ ನಡೆದ ಆ ನೋಂದಣಿಯಿಂದಲೇ ಇಂದಿನ ‘ಎ’ ಸಂಖ್ಯೆ ಬಂದಿದೆ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಕ್ಯಾಲಿಫೋರ್ನಿಯಾದ ಭೂ ಕಾನೂನನ್ನು ಆ ರಾಜ್ಯದ ಸುಪ್ರೀಂ ಕೋರ್ಟು ಅಸಿಂಧುಗೊಳಿಸಿದ್ದು 1952ರಲ್ಲಿ. ಪೌರತ್ವವಿಲ್ಲದವರನ್ನು ಅಮೆರಿಕದ ವಲಸೆ ಶಾಸನ ಇಂದಿಗೂ ಏಲಿಯನ್ ಎಂದೇ ಹೆಸರಿಸುತ್ತದೆ.

ಇಂಗ್ಲಿಷಿನ ಈ ಪದ ನಮ್ಮನ್ನು ಚುಚ್ಚುವುದು ಸಹಜ. ಆದರೆ ನಮ್ಮ ‘ಪರದೇಶಿ’ಯ ಪಾಡೂ ಬೇರೆಯಲ್ಲ. ಬೇರೆ ನಾಡಿನಿಂದ ಬಂದವನು ಎಂದಷ್ಟೇ ಅದರ ಮೂಲಾರ್ಥ. ಆಡುಮಾತಿನಲ್ಲಿ ಅದು ದಿಕ್ಕಿಲ್ಲದವನು, ಗತಿಗೆಟ್ಟವನು ಎಂದಾಗಿದೆ. ಇಂದು ಸಾಗರದಾಚೆಯ ಪರದೇಶಿಗಳು ನಾವೇ. ಕೂಲಿಯನ್ನರಸಿ ನಮ್ಮೂರುಗಳಿಗೆ ಬಂದವರನ್ನು ನಮ್ಮವರು ಯಾವ ಹೆಸರಿನಿಂದ ಕರೆಯುತ್ತಿದ್ದಾರೆ ಎಂಬುದನ್ನೂ ಆಲಿಸುವ ಹೊಣೆ ನಮಗಿದೆ.