ಗುರಿಹಲಗೆ ಹೇಳದೆ ಉಳಿಸಿದ್ದು

ಕೋವಿಗೆ ಹಾಕುವ ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ? ಬೇಟೆಗಾರನನ್ನು ಕೇಳಿದರೆ ಉತ್ತರ ಸರಳ: ನಾಲ್ಕು ಈಡು ಹೊಡೆದು ನೋಡಿ. ಗುಂಡುಗಳು ಒಂದರ ಪಕ್ಕ ಒಂದು ಬಿದ್ದರೆ ಮದ್ದು ಒಳ್ಳೆಯದು, ಚೆಲ್ಲಾಪಿಲ್ಲಿಯಾದರೆ ಕೆಟ್ಟದ್ದು. 19ನೇ ಶತಮಾನದ ಯುರೋಪಿನ ಸೈನ್ಯಗಳೂ ಬಹುಮಟ್ಟಿಗೆ ಇದೇ ಉತ್ತರವನ್ನು ನಂಬಿದ್ದವು. ವಿಜ್ಞಾನದ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಕೆಲವು ವರ್ಷಗಳಿಂದ ಪರೀಕ್ಷೆಗಳ ಬಗ್ಗೆ ಓದುತ್ತಿದ್ದೇನೆ. ಯಾರು, ಏನನ್ನು, ಯಾವ ಅಳತೆಗೋಲಿನಿಂದ ಪರೀಕ್ಷಿಸಿದರು, ಆ ಅಳತೆಗೋಲಿಗೆ ಯಾವುದು ಕಾಣಿಸಲಿಲ್ಲ ಎಂಬುದು ನನ್ನ ಪ್ರಶ್ನೆ. ಈ ಓದಿನಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವುದು 1846ರ ಒಂದು ಪ್ರಸಂಗ: ಹೊಗೆಯೇ ಬಾರದ ಹೊಸ ಮದ್ದನ್ನು ಬಾಯಿಯಿಂದ ತುಂಬುವ ಹಳೆಯ ಕೋವಿಗಳಲ್ಲಿ ಪ್ರಯೋಗಿಸಿದ ಪ್ರಸಂಗ.

ಮಲೆನಾಡಿನ ಬೇಟೆಯ ಕಥೆಗಳನ್ನು ಓದಿದವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಅದರ ಮೇಲೆ ಗುಂಡಿಟ್ಟು, ಗಜದಿಂದ ಜಡಿದು, ಹಿಂಬದಿಗೆ ಕೇಪು ಸಿಕ್ಕಿಸಿ ಹಾರಿಸಬೇಕು. ಸೈನಿಕನಿಗೆ ಅಳೆದ ಮದ್ದು ಕಾಗದದ ಪೊಟ್ಟಣದಲ್ಲಿ ಸಿಗುತ್ತಿತ್ತು, ನಿಜ. ಆದರೂ ಪ್ರತಿ ಈಡನ್ನು ನಳಿಗೆಯೊಳಗೆ ಕಟ್ಟುವವನು ಅವನೇ. ಎಷ್ಟು ಬಿಗಿಯಾಗಿ ಜಡಿದ, ನಳಿಗೆ ಎಷ್ಟು ಚೊಕ್ಕಟವಾಗಿತ್ತು ಎಂಬುದೆಲ್ಲ ಗುರಿಯ ಮೇಲೆ ಪರಿಣಾಮ ಬೀರುತ್ತಿತ್ತು.

ಆಗಿನ ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಹಳೆಯ ಮಿಶ್ರಣ, ಕರಿಮದ್ದು. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯೂ ಕಿಟ್ಟವೂ ಆಗಿಬಿಡುತ್ತದೆ. ಹೊಗೆ ಎದುರಾಳಿಯನ್ನು ಮರೆಮಾಡಿದರೆ ಕಿಟ್ಟ ನಳಿಗೆಯನ್ನು ಕಟ್ಟುತ್ತದೆ. ಹತ್ತಾರು ಈಡುಗಳಾದ ಮೇಲೆ ಗುಂಡನ್ನು ಒಳಗೆ ತಳ್ಳುವುದೇ ಕಷ್ಟ, ಗುರಿಯೂ ಹದಗೆಡುತ್ತದೆ. ಆದ್ದರಿಂದಲೇ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ತೋಟಾಗಳಿಗೆ ಕೊಬ್ಬು ಸವರಬೇಕಾಯಿತು. ಆ ಕೊಬ್ಬು ಯಾವ ಪ್ರಾಣಿಯದು ಎಂಬ ಅನುಮಾನ 1857ರಲ್ಲಿ ಎಲ್ಲಿಗೆ ಮುಟ್ಟಿತು ಎಂಬುದು ನಮಗೆ ಶಾಲೆಯಿಂದಲೇ ಗೊತ್ತು. ದಂಗೆಗೆ ಕಾರಣಗಳು ಹಲವು. ಆದರೆ ಆ ಕಿಡಿಯ ಹಿಂದೆ ಕರಿಮದ್ದಿನ ಕಿಟ್ಟವೂ ಇತ್ತು ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಇಂಥ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಕ್ರಿಸ್ಟಿಯಾನ್ ಫ್ರೀಡ್ರಿಶ್ ಶೋನ್‌ಬೈನ್ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿ, ತೊಳೆದು, ಒಣಗಿಸಿದ. ನೋಡಲು ಹತ್ತಿಯೇ, ಕಿಡಿ ತಾಗಿದರೆ ಮಾತ್ರ ಹೊಗೆಯಿಲ್ಲದೆ, ಬೂದಿಯಿಲ್ಲದೆ ಕ್ಷಣದಲ್ಲಿ ಮಾಯ. ಇದೇ ಗನ್‌ಕಾಟನ್. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಏಪ್ರನ್ನಿನಿಂದ ಒರೆಸಿದಾಗ ಇದು ಹೊಳೆಯಿತು ಎಂಬ ಕಥೆ ಜನಪ್ರಿಯ. ಆದರೆ ದಂತಕಥೆಯಾಗಿಯೇ ಅದನ್ನು ಓದುವುದು ಒಳಿತು. 1846ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿ ತನ್ನ ಹತ್ತಿಯ ಶಕ್ತಿಯನ್ನು ಪ್ರದರ್ಶಿಸಿದ. ಕರಿಮದ್ದಿಗಿಂತ ಬಹಳ ಕಡಿಮೆ ತೂಕದ ಹತ್ತಿ ಅದೇ ಗುಂಡನ್ನು ಅಷ್ಟೇ ಬಲವಾಗಿ ಎಸೆಯುತ್ತಿತ್ತು, ನಳಿಗೆ ಚೊಕ್ಕಟವಾಗಿಯೇ ಉಳಿಯುತ್ತಿತ್ತು. ನೋಡಿದವರು ಬೆರಗಾದದ್ದು ಸಹಜ.

ಆ ದಿನಗಳ ಪರೀಕ್ಷಕರ ಬಳಿ ಇದ್ದ ಮುಖ್ಯ ಸಾಧನಗಳು ಎರಡು. ಒಂದು, ಬೆಂಜಮಿನ್ ರಾಬಿನ್ಸ್ 1742ರ ತನ್ನ ಪುಸ್ತಕದಲ್ಲಿ ವಿವರಿಸಿದ ಲೋಲಕ. ತೂಗುಬಿಟ್ಟ ಭಾರದ ಹಲಗೆಗೆ ಗುಂಡು ಬಡಿದಾಗ ಅದು ಎಷ್ಟು ತೂಗುತ್ತದೆ ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ಇದೇ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಇನ್ನೊಂದು ಸಾಧನ ಗುರಿಹಲಗೆ. ತೂತುಗಳ ನಟ್ಟನಡುವಿನ ಬಿಂದುವನ್ನು ಗುರುತಿಸಿ, ಅಲ್ಲಿಂದ ಪ್ರತಿ ತೂತಿಗೆ ಇರುವ ದೂರದ ಸರಾಸರಿ ತೆಗೆಯುವುದು. 1857ರಲ್ಲಿ ಜೋಸೆಫ್ ವಿಟ್ವರ್ತನ ಷಡ್ಭುಜ ನಳಿಗೆಯ ರೈಫಲ್ಲನ್ನು ಎನ್‌ಫೀಲ್ಡಿನ ಎದುರು ಪರೀಕ್ಷಿಸಿದ್ದು ಹೀಗೆಯೇ. 500 ಗಜ ದೂರದಲ್ಲಿ ಎನ್‌ಫೀಲ್ಡಿನ ಸರಾಸರಿ ಚದುರುವಿಕೆ 2.24 ಅಡಿ, ವಿಟ್ವರ್ತನದು 0.37 ಅಡಿ. ಅಂಕಿ ಇಷ್ಟು ಸ್ಪಷ್ಟವಾಗಿರುವಾಗ ಯಾರಿಗೆ ತಾನೇ ಅನುಮಾನ ಬಂದೀತು?

ಆದರೆ ಲೋಲಕ ಮತ್ತು ಗುರಿಹಲಗೆ ಎರಡೂ ಗುಂಡು ನಳಿಗೆಯಿಂದ ಹೊರಬಂದ ಮೇಲಿನ ಸಾಕ್ಷಿಗಳು. ಒಳಗೆ ಏನಾಯಿತು ಎಂಬುದು ಅವಕ್ಕೆ ಗೊತ್ತಿಲ್ಲ. ಕರಿಮದ್ದಿನ ಕಾಳು ಹೊರಮೈಯಿಂದ ಒಳಕ್ಕೆ ಉರಿಯುತ್ತದೆ, ಒತ್ತಡ ಹೆಚ್ಚಿದರೂ ಉರಿಯುವ ವೇಗ ಮಿತಿಮೀರಿ ಏರುವುದಿಲ್ಲ. ಮೆದು ಕಬ್ಬಿಣದ ನಳಿಗೆ ಅದನ್ನು ತಾಳಿಕೊಳ್ಳುವಂತೆಯೇ ತಯಾರಾಗಿತ್ತು. ಹತ್ತಿಯ ಎಳೆಗಳ ಸ್ವಭಾವವೇ ಬೇರೆ. ಎಳೆಗಳ ನಡುವಿನ ಸಂದುಗಳಲ್ಲಿ ಬೆಂಕಿ ಏಕಕಾಲಕ್ಕೆ ಹರಡುತ್ತದೆ. ಒತ್ತಡ ಏರಿದಂತೆ ಉರಿ ಚುರುಕಾಗುತ್ತದೆ, ಉರಿ ಚುರುಕಾದಂತೆ ಒತ್ತಡ ಇನ್ನೂ ಏರುತ್ತದೆ. ಗಜದಿಂದ ತುಸು ಹೆಚ್ಚು ಬಿಗಿಯಾಗಿ ಜಡಿದರೂ ಲೆಕ್ಕ ತಪ್ಪುತ್ತದೆ. ಮೂರು ಗುಂಡುಗಳು ಒಂದೇ ಕಡೆ ಬಿದ್ದಿರಬಹುದು, ಮೂರನೆಯದು ಹೋದಾಗ ನಳಿಗೆ ಸೀಳುವ ಹಂತಕ್ಕೆ ಬಂದಿರಲೂಬಹುದು. ಹಲಗೆಯ ಮೇಲಿನ ತೂತುಗಳಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಗನ್‌ಕಾಟನ್ ಹಾಕಿದ ಕೋವಿಗಳು ಸಿಡಿದ ವರದಿಗಳು ಬರತೊಡಗಿದವು.

ಅಳತೆಗೆ ಸಿಗದ ಇನ್ನೊಂದು ಸಂಗತಿಯೂ ಇತ್ತು: ಕಾಲ. ಇವತ್ತು ಚೆನ್ನಾಗಿ ಹಾರಿದ ಮದ್ದು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕುಳಿತರೆ ಏನಾಗುತ್ತದೆ? ಇಂಗ್ಲೆಂಡಿನ ಫ್ಯಾವರ್‌ಶಮ್‌ನಲ್ಲಿ ಜಾನ್ ಹಾಲ್ ಕಂಪನಿ ಗನ್‌ಕಾಟನ್ ತಯಾರಿಕೆಗೆ ಇಳಿದಿತ್ತು. 1847ರ ಜುಲೈ 14ರಂದು ಆ ಕಾರ್ಖಾನೆ ಸ್ಫೋಟಗೊಂಡು ಸುಮಾರು 20 ಕಾರ್ಮಿಕರು ಸತ್ತರು. ಮರುವರ್ಷ ಫ್ರಾನ್ಸಿನ ಲೆ ಬೂಶೆಯಲ್ಲೂ ಸ್ಫೋಟವಾಯಿತು. ಎರಡೂ ದೇಶಗಳು ಹಿಂದೆ ಸರಿದವು. ಆಸ್ಟ್ರಿಯಾ ಮಾತ್ರ ಪಟ್ಟು ಬಿಡಲಿಲ್ಲ. ಅಲ್ಲಿನ ಸೇನಾಧಿಕಾರಿ ಲೆಂಕ್ ಹತ್ತಿಯನ್ನು ನೂಲಾಗಿ ಹೊಸೆದು ಉರಿಯನ್ನು ನಿಧಾನಗೊಳಿಸಲು ನೋಡಿದ. 1862 ಮತ್ತು 1865ರಲ್ಲಿ ಅಲ್ಲಿನ ಮದ್ದಿನ ಉಗ್ರಾಣಗಳೂ ಸಿಡಿದ ಮೇಲೆ ಆ ಪ್ರಯತ್ನವೂ ನಿಂತಿತು.

ಉತ್ತರ ಸಿಕ್ಕಿದ್ದು ಗುರಿಮೈದಾನದಲ್ಲಲ್ಲ, ತೊಳೆಯುವ ತೊಟ್ಟಿಯಲ್ಲಿ. ಹತ್ತಿಯ ಎಳೆ ಒಂದು ಸಣ್ಣ ಕೊಳವೆ. ಅದರೊಳಗೆ ಉಳಿದ ಆಮ್ಲ ಮದ್ದನ್ನು ಮೆಲ್ಲಮೆಲ್ಲಗೆ ಕೆಡಿಸುತ್ತದೆ. ಕೆಡುವಾಗ ಹುಟ್ಟುವ ಶಾಖ ಒಂದು ದಿನ ಸ್ಫೋಟವಾಗುತ್ತದೆ. ಫ್ರೆಡರಿಕ್ ಏಬಲ್ 1865ರ ಹೊತ್ತಿಗೆ ಕಾಗದದ ಗಿರಣಿಯ ಯಂತ್ರಗಳನ್ನು ಬಳಸಿ ಹತ್ತಿಯನ್ನು ಹಿಟ್ಟಿನಂತೆ ಅರೆದು, ದೀರ್ಘಕಾಲ ತೊಳೆಯುವ ವಿಧಾನ ರೂಪಿಸಿದ. ಅದೇ ದಶಕದಲ್ಲಿ ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತು ಎಂಬುದರಿಂದ ನಳಿಗೆಯೊಳಗಿನ ಒತ್ತಡವನ್ನು ಅಳೆಯುವ ಮಾಪಕಗಳೂ ಬಂದವು. ಕೊನೆಗೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಅದೇ ವಸ್ತುವನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ನೆನೆಸಿ ಕಣಕವಾಗಿಸಿ, ತೆಳುವಾಗಿ ಲಟ್ಟಿಸಿ, ಚೂರುಗಳಾಗಿ ಕತ್ತರಿಸಿದ. ಈಗ ಎಳೆಯೂ ಇಲ್ಲ, ಸಂದೂ ಇಲ್ಲ. ಮದ್ದು ಹೊರಮೈಯಿಂದ ಪದರಪದರವಾಗಿ ಉರಿಯತೊಡಗಿತು. 1886ರ ಲೆಬೆಲ್ ರೈಫಲ್ ಈ ಮದ್ದಿಗಾಗಿಯೇ ಹುಟ್ಟಿತು.

ಅಷ್ಟರಲ್ಲಿ ಬಾಯಿಯಿಂದ ತುಂಬುವ ಕೋವಿ ಸೈನ್ಯಗಳಿಂದ ನಿವೃತ್ತಿಯಾಗಿತ್ತು. ಅದಕ್ಕೆ ಬೇಕಿದ್ದ ಮದ್ದು ಬರುವಷ್ಟರಲ್ಲಿ ಅದೇ ಇರಲಿಲ್ಲ. 2000ದ ಸುಮಾರಿಗೆ ಅಮೆರಿಕದ ಸ್ಯಾವೇಜ್ ಕಂಪನಿ ಗಟ್ಟಿ ಉಕ್ಕಿನ ನಳಿಗೆಯ ‘10ಎಂಎಲ್’ ಎಂಬ ರೈಫಲ್ಲನ್ನು ಹೊಗೆಯಿಲ್ಲದ ಮದ್ದಿಗೆಂದೇ ತಯಾರಿಸಿ ಆ ಹಳೆಯ ಆಸೆಯನ್ನು ಪೂರೈಸಿತು. ಉಳಿದಂತೆ, ಇಂದಿಗೂ ಬಾಯಿಯಿಂದ ತುಂಬುವ ಕೋವಿಗಳ ನಳಿಗೆಯ ಮೇಲೆ ಕರಿಮದ್ದು ಮಾತ್ರ ಎಂಬ ಎಚ್ಚರಿಕೆ ಕೊರೆದಿರುತ್ತದೆ. ಅದನ್ನು ಕಡೆಗಣಿಸಿದವರ ಕೈಬೆರಳುಗಳು ಹೋಗಿವೆ, ಪ್ರಾಣವೂ ಹೋಗಿದೆ.

1846ರ ಪರೀಕ್ಷಕರು ದಡ್ಡರೆಂದು ನನಗೆ ಅನ್ನಿಸುವುದಿಲ್ಲ. ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಸಿಕ್ಕಿತ್ತು: ಹೊಸ ಮದ್ದು ಗುಂಡನ್ನು ಚೆನ್ನಾಗಿ ಎಸೆಯುತ್ತದೆ. ಆದರೆ ಆ ಪ್ರಶ್ನೆ ಕೋವಿ ಹಿಡಿದವನ ಕಣ್ಣಿನಿಂದ ಹುಟ್ಟಿದ್ದು. ಮದ್ದನ್ನು ತೊಳೆಯುವವರ, ಒಣಗಿಸುವವರ, ಪೆಟ್ಟಿಗೆಗೆ ತುಂಬುವವರ ಪ್ರಶ್ನೆ ಬೇರೆಯೇ ಇತ್ತು: ಇದು ನಾಳೆಯೂ ಸುಮ್ಮನಿರುತ್ತದೆಯೇ? ಅದನ್ನು ಅಳೆಯುವ ಸಾಧನ ಆಗ ಇರಲಿಲ್ಲ, ಇರಬೇಕೆಂದು ಯಾರೂ ಪಟ್ಟು ಹಿಡಿಯಲೂ ಇಲ್ಲ. ಶೋನ್‌ಬೈನನ ಹೆಸರು ರಸಾಯನಶಾಸ್ತ್ರದ ಚರಿತ್ರೆಯಲ್ಲಿದೆ, ವಿಟ್ವರ್ತನ ಅಂಕಿಗಳು ಈಗಲೂ ಉಲ್ಲೇಖವಾಗುತ್ತವೆ. ಫ್ಯಾವರ್‌ಶಮ್‌ನಲ್ಲಿ ಸತ್ತವರು ನಾನು ಓದುವ ಪುಸ್ತಕಗಳಲ್ಲಿ ಹೆಚ್ಚಾಗಿ ಒಂದು ಸಂಖ್ಯೆಯಾಗಿ, ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾರೆ. ಆ ವಾಕ್ಯವನ್ನು ಹಿಗ್ಗಿಸುವುದು ನನ್ನ ಸಂಶೋಧನೆಯ ಕೆಲಸ.