ಹೃದಯಲಯ ನಿಯಂತ್ರಕ ಔಷಧಗಳು

ಹೃದಯದ ಬಡಿತ ಲಯ ತಪ್ಪಿದಾಗ ಅದನ್ನು ಸರಿಪಡಿಸಲು, ಇಲ್ಲವೆ ಲಯಭಂಗ ಮರುಕಳಿಸದಂತೆ ತಡೆಯಲು ಬಳಸುವ ಔಷಧಗಳು. ಬಲ ಹೃತ್ಕರ್ಣದಲ್ಲಿರುವ ಸೈನಸ್ ಗಂಟು ವಿಶ್ರಾಂತ ಸ್ಥಿತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಆವೇಗವನ್ನು ಹುಟ್ಟಿಸುತ್ತದೆ. ಅದು ಹೃತ್ಕರ್ಣಗಳಲ್ಲಿ ಹರಡಿ, ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಣ ಎ.ವಿ. ಗಂಟಿನಲ್ಲಿ ಕೊಂಚ ತಡೆದು, ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಹೃತ್ಕುಕ್ಷಿಯ ಸ್ನಾಯುಕೋಶದ ಒಳಭಾಗದ ವಿಭವ ವಿಶ್ರಾಂತಿಯಲ್ಲಿ ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆಯಿದ್ದು, ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಕೋಶ ಉದ್ರೇಕಗೊಳ್ಳುತ್ತದೆ. ಕ್ಯಾಲ್ಸಿಯಂ ಒಳಹರಿವು ಆ ಸ್ಥಿತಿಯನ್ನು ಕೆಲಕಾಲ ಉಳಿಸಿದರೆ, ಪೊಟ್ಯಾಸಿಯಂ ಹೊರಹರಿವು ಕೋಶವನ್ನು ಮೊದಲಿನ ಸ್ಥಿತಿಗೆ ತರುತ್ತದೆ.

ಔಷಧಗಳು ಈ ಹರಿವುಗಳಲ್ಲಿ ಯಾವುದನ್ನು ತಡೆಯುತ್ತವೆ, ಇಲ್ಲವೆ ಅಡ್ರಿನಲಿನ್ ಪ್ರಭಾವವನ್ನು ಕುಗ್ಗಿಸುತ್ತವೆಯೆ ಎಂಬುದನ್ನು ಆಧರಿಸಿ ವಾನ್ ವಿಲಿಯಮ್ಸ್ 1970ರಲ್ಲಿ ಸೂಚಿಸಿದ ವರ್ಗೀಕರಣವು ಮುಂದೆ ನಾಲ್ಕು ವರ್ಗಗಳಾಗಿ ಬೆಳೆದು ಇಂದಿಗೂ ಬಳಕೆಯಲ್ಲಿದೆ. ಮೊದಲ ವರ್ಗದ ಕ್ವಿನಿಡಿನ್, ಲಿಗ್ನೊಕೇನ್, ಫ್ಲೆಕೈನೈಡ್ ಸೋಡಿಯಂ ನಾಳಗಳನ್ನು ತಡೆದು ಆವೇಗದ ವೇಗವನ್ನು ತಗ್ಗಿಸುತ್ತವೆ. ಎರಡನೆಯ ವರ್ಗದ ಮೆಟೊಪ್ರೊಲಾಲ್ ಮೊದಲಾದ ಬೀಟಾ ತಡೆಕಗಳು ಅಡ್ರಿನಲಿನ್ ಪ್ರಭಾವವನ್ನು ಕುಗ್ಗಿಸಿ ಸೈನಸ್ ಮತ್ತು ಎ.ವಿ. ಗಂಟುಗಳ ಚಟುವಟಿಕೆಯನ್ನು ನಿಧಾನಗೊಳಿಸುತ್ತವೆ. ಮೂರನೆಯ ವರ್ಗದ ಅಮಿಯೊಡರೋನ್, ಸೊಟಲಾಲ್ ಪೊಟ್ಯಾಸಿಯಂ ನಾಳಗಳನ್ನು ತಡೆದು, ಒಮ್ಮೆ ಉದ್ರೇಕಗೊಂಡ ಕೋಶ ಮತ್ತೆ ಸ್ಪಂದಿಸಲು ಬೇಕಾದ ಅವಧಿಯನ್ನು ಹಿಗ್ಗಿಸುತ್ತವೆ. ನಾಲ್ಕನೆಯ ವರ್ಗದ ವೆರಪಮಿಲ್, ಡಿಲ್ಟಿಯಾಜೆಮ್ ಕ್ಯಾಲ್ಸಿಯಂ ಹರಿವನ್ನು ತಡೆದು ಮುಖ್ಯವಾಗಿ ಎ.ವಿ. ಗಂಟಿನ ಮೇಲೆ ವರ್ತಿಸುತ್ತವೆ. ಅಡಿನೋಸಿನ್ ಮತ್ತು ಡಿಗಾಕ್ಸಿನ್ ಈ ವರ್ಗಗಳಿಗೆ ಸೇರುವುದಿಲ್ಲ, ಅಡಿನೋಸಿನ್ ಎ.ವಿ. ಗಂಟನ್ನು ಕೆಲವೇ ಸೆಕೆಂಡುಗಳ ಕಾಲ ತಡೆದು ಪರಿಣಾಮ ಕಳೆದುಕೊಳ್ಳುತ್ತದೆ.

ಈ ಪರಿಣಾಮಗಳು ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿಯಲ್ಲಿ ನೇರವಾಗಿ ಕಾಣಿಸುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ಸರಿಯುವ ಕಾಗದದ ಒಂದು ಚಿಕ್ಕ ಚೌಕ 0.04 ಸೆಕೆಂಡನ್ನು ಸೂಚಿಸುವುದರಿಂದ, ಫ್ಲೆಕೈನೈಡ್‌ನಿಂದ ಕ್ಯುಆರ್‌ಎಸ್ (ಹೃತ್ಕುಕ್ಷಿಗಳ ಉದ್ರೇಕದ ಅಲೆ) ಅಗಲವಾಗುವುದನ್ನು, ಸೊಟಲಾಲ್‌ನಿಂದ ಕ್ಯುಟಿ ಅಂತರ (ಆ ಉದ್ರೇಕದ ಆರಂಭದಿಂದ ಚೇತರಿಕೆಯವರೆಗಿನ ಅವಧಿ) ಹಿಗ್ಗುವುದನ್ನು, ವೆರಪಮಿಲ್‌ನಿಂದ ಪಿಆರ್ ಅಂತರ (ಆವೇಗ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ತಲುಪುವ ಅವಧಿ) ಉದ್ದವಾಗುವುದನ್ನು ಚೌಕಗಳನ್ನು ಎಣಿಸಿಯೇ ಅಳೆಯಬಹುದು.

ಲಯ ಸರಿಪಡಿಸುವ ಗುಣವೇ ಮಿತಿಮೀರಿದರೆ ಹೊಸ ಲಯಭಂಗಕ್ಕೆ ಎಡೆಯಾಗುತ್ತದೆ. ಕ್ಯುಟಿ ಅಂತರ ಅತಿಯಾಗಿ ಹಿಗ್ಗಿದರೆ ಹೃತ್ಕುಕ್ಷಿಗಳ ಮಾರಕ ವೇಗಬಡಿತ ಉಂಟಾಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದರೆ ಈ ಅಪಾಯ ಹೆಚ್ಚುತ್ತದೆ. ಔಷಧಗಳಂತೆ ಸಸ್ಯವಿಷವೂ ಲಯ ಕೆಡಿಸಬಲ್ಲದು; ಕರ್ನಾಟಕದಲ್ಲಿ ಬೇಲಿ, ಅಂಗಳಗಳಲ್ಲಿ ಬೆಳೆಸುವ ಹಳದಿ ಕಣಗಿಲೆಯ ಬೀಜದ ವಿಷವು ಡಿಗಾಕ್ಸಿನ್‌ನಂತೆಯೇ ಕೋಶದ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ತಡೆದು ಆವೇಗದ ಹಾದಿಯನ್ನು ಕಟ್ಟುತ್ತದೆ. ಈ ಬೀಜವನ್ನು ತಿಂದವರಲ್ಲಿ ನಾಡಿ ತೀರ ನಿಧಾನವಾಗಿ ಪ್ರಾಣಾಪಾಯ ಒದಗಬಹುದು. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಫ್ಲೆಕೈನೈಡ್ ಮತ್ತು ಎನ್‌ಕೈನೈಡ್ ಅಕಾಲಿಕ ಬಡಿತಗಳನ್ನು ಹತ್ತಿಕ್ಕಿದರೂ ಸಾವುಗಳನ್ನು ಹೆಚ್ಚಿಸಿದವೆಂದು 1989ರಲ್ಲಿ ಪ್ರಕಟವಾದ ಕ್ಯಾಸ್ಟ್ ಅಧ್ಯಯನ ತೋರಿಸಿದ ಮೇಲೆ, ಹೃದಯಸ್ನಾಯುವಿಗೆ ಹಾನಿಯಾದ ರೋಗಿಗಳಿಗೆ ಮೊದಲ ವರ್ಗದ ಔಷಧ ಕೊಡುವುದು ಕಡಿಮೆಯಾಗಿ, ಔಷಧದ ಆಯ್ಕೆಯಲ್ಲಿ ಬಡಿತದ ಲಯದಷ್ಟೇ ಹೃದಯದ ಸ್ಥಿತಿಯೂ ಮುಖ್ಯವಾಯಿತು.